ಹುಳ ತಿನ್ನದ ಕೋಳಿಗಳು

1943ರ ಜೂನ್ ಎರಡನೆಯ ವಾರದಲ್ಲಿ, ಹುಬ್ಬಳ್ಳಿಯ ಬೆಂಗೇರಿಯಾಚೆಗಿನ ಎರಡೂವರೆ ಎಕರೆ ಎರೆ ಹೊಲದಲ್ಲಿ, ಒಂಬತ್ತು ಕೋಳಿಗಳ ಮೇವಿಗಾಗಿ ನಾನು ನವಣೆ, ಹೆಸರು, ಶೇಂಗಾ ಮತ್ತು ಗೋವಿನಜೋಳ ಬಿತ್ತಿದೆ.

ಪತ್ರಿಕೆಯ ಕಚೇರಿಯಲ್ಲಿ ಹತ್ತು ವರ್ಷ ಕೂತವನಿಗೆ ಬೇರೆ ರೀತಿ ಶುರುಮಾಡಲು ಬರುವುದಿಲ್ಲ. ಯಾರು, ಎಲ್ಲಿ, ಯಾವಾಗ, ಏನು, ಇಷ್ಟೂ ಮೊದಲ ವಾಕ್ಯದಲ್ಲೇ ಬರಬೇಕು. ಯಾಕೆ ಎಂಬುದು ಕೆಳಗೆ ಬಂದರೆ ಸಾಕು, ಜಾಗ ಸಾಲದಿದ್ದರೆ ಅದನ್ನು ಕತ್ತರಿಸಿದರೂ ನಡೆಯುತ್ತದೆ ಎಂದು ನನಗೆ ಕೆಲಸ ಕಲಿಸಿದ ಹಿರಿಯರು ಹೇಳುತ್ತಿದ್ದರು. ಇವತ್ತು ಜಾಗ ಬೇಕಾದಷ್ಟಿದೆ, ಹೊತ್ತೂ ಇದೆ. ಆದ್ದರಿಂದ ಯಾಕೆ ಎಂಬುದನ್ನೂ ಹೇಳುತ್ತೇನೆ.

ಈ ನೆನಪು ಬರಲು ಕಾರಣ ನನ್ನದೊಂದು ಚಟ. ಊಟದ ಕೊನೆಗೆ ರೊಟ್ಟಿಯ ಒಂದು ತುಣುಕು ಉಳಿಸಿ, ಬೆರಳಲ್ಲಿ ನುಚ್ಚಿನಷ್ಟು ಸಣ್ಣಗೆ ಪುಡಿಮಾಡಿ, ಬಾಗಿಲು ತೆರೆದು ಹೊರಗೆ ಚೆಲ್ಲುತ್ತೇನೆ. ಹೊಲದಲ್ಲಿದ್ದಾಗ ಅದಕ್ಕೆ ಅರ್ಥವಿತ್ತು. ಈಗ ನಾನಿರುವುದು ಹುಬ್ಬಳ್ಳಿಯ ಪೇಟೆಯೊಳಗೆ, ಮಹಡಿಯ ಮೇಲಿನ ಒಂದು ಖೋಲಿಯಲ್ಲಿ. ಬಾಗಿಲು ತೆರೆದರೆ ಮರದ ಮೆಟ್ಟಿಲು. ಮೊನ್ನೆ ಮನೆಯ ಮಾಲಕರು, ಯಾರ ತಂಟೆಗೂ ಹೋಗದ ಮುದುಕರು, ಮೆಟ್ಟಿಲ ಮೇಲಿನ ಇರುವೆಯ ಸಾಲನ್ನು ಊರುಗೋಲಿನಿಂದ ತೋರಿಸಿ, “ಅಲ್ರೀ, ದಿನಾ ಇಲ್ಲೆ ಯಾರಿಗಿ ಬಡಸ್ತೀರಿ?” ಎಂದು ಕೇಳಿದರು. ಕೋಳಿಗಳಿಗೆ ಎಂದೆ. ಅವರು ಮೆಟ್ಟಿಲ ಮೇಲೆ ಕೆಳಗೆ ನೋಡಿ, ಇಳಿದುಹೋದರು. ಅಂದಿನಿಂದ ನನ್ನೊಡನೆ ತುಸು ಜೋರಾಗಿ, ಒಂದೊಂದೇ ಶಬ್ದ ಬಿಡಿಸಿ ಮಾತಾಡುತ್ತಿದ್ದಾರೆ.

ನಮ್ಮ ಮನೆತನದಲ್ಲಿ ಕೋಳಿ ಸಾಕಿದವರಿರಲಿಲ್ಲ. ಕೊರಳಲ್ಲಿ ಲಿಂಗ ಕಟ್ಟಿದ ಮನೆ. ಅಪ್ಪ ಹತ್ತಿಯ ಅಡತಿ ವ್ಯಾಪಾರ ಮಾಡುತ್ತಿದ್ದರು, ಅವರ ನಂತರ ಅಣ್ಣ ಮಾಡುತ್ತಿದ್ದ. ನಾನು ಮಾತ್ರ ವಾರಪತ್ರಿಕೆಯೊಂದರ ಉಪಸಂಪಾದಕನಾಗಿ, ಬೇರೆಯವರ ವಾಕ್ಯ ಕತ್ತರಿಸಿ ಊಟಮಾಡುತ್ತಿದ್ದೆ. 1942ರ ಆಗಸ್ಟಿನಲ್ಲಿ ಸರಕಾರದ ನೋಟೀಸು ಬಂದು ಪತ್ರಿಕೆ ನಿಂತಿತು. ಆ ಚಳಿಗಾಲದಲ್ಲಿ ನನ್ನ ಹೆಂಡತಿ ನೀಲಾಳ ಕೆಮ್ಮು ನಿಲ್ಲಲಿಲ್ಲ. ಸಂಕ್ರಮಣದ ಮರುದಿನ ಅವಳನ್ನು ಮಿರಜ ಕಡೆಯ ಒಂದು ಕ್ಷಯದ ಆಸ್ಪತ್ರೆಗೆ ಸೇರಿಸಿ ಬಂದೆ. ಆಗ ಅವಳ ತೂಕ ಎಪ್ಪತ್ತೊಂಬತ್ತು ಪೌಂಡು.

ಅಲ್ಲಿಯ ಡಾಕ್ಟರು ಹೇಳಿದ್ದು ಮೂರು ಮಾತು. ಗಾಳಿ, ವಿಶ್ರಾಂತಿ, ತತ್ತಿ. ದಿನಕ್ಕೆ ಎರಡು ತತ್ತಿ ತಿನ್ನಬೇಕು, ಹಾಲೊಂದರಿಂದ ಈ ಮೈ ತುಂಬುವುದಿಲ್ಲ ಎಂದರು. ನೀಲಾ ಮೊದಲೆರಡಕ್ಕೆ ಒಪ್ಪಿ ಮೂರನೆಯದಕ್ಕೆ ಗೋಡೆಯ ಕಡೆ ಮುಖ ತಿರುಗಿಸಿದಳು. ಮೂರು ತಿಂಗಳು ಹಾಗೇ ಕಳೆಯಿತು. ತೂಕ ಒಂದು ಪೌಂಡೂ ಏರಲಿಲ್ಲ. ಏಪ್ರಿಲ್‌ನಲ್ಲಿ ನಾನು ಹೋದಾಗ ಡಾಕ್ಟರು ನನ್ನನ್ನು ಹೊರಗೆ ಕರೆದು, ಇದು ಹೀಗೇ ನಡೆದರೆ ಮುಂದಿನ ಮಳೆಗಾಲದ ಭರವಸೆ ತಾನು ಕೊಡಲಾರೆ ಎಂದು ಸ್ಪಷ್ಟವಾಗಿ ಹೇಳಿದರು. ನಾನು ಒಳಗೆ ಹೋಗಿ ಆ ಮಾತನ್ನು ಹಾಗೆಯೇ ಅವಳಿಗೆ ಹೇಳಿದೆ. ಸುದ್ದಿಯನ್ನು ಮೆತ್ತಗೆ ಮಾಡಿ ಹೇಳುವ ಕಲೆ ನನಗೆ ಬರುತ್ತಿರಲಿಲ್ಲ.

ನೀಲಾ ಧಾರವಾಡದಲ್ಲಿ ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆಯವರೆಗೆ ಓದಿದವಳು, ಲೆಕ್ಕದಲ್ಲಿ ಗಟ್ಟಿ. ಯಾವುದನ್ನೂ ಬರೀ ಹಟದಿಂದ ಮಾಡುವವಳಲ್ಲ, ಹಟಕ್ಕೂ ಒಂದು ತರ್ಕ ಕಟ್ಟುವವಳು. ಆ ದಿನ ಹೀಗೆ ಹೇಳಿದಳು.

“ಹುಂಜ ಇಲ್ಲದ ಕೋಳಿ ಇಟ್ಟ ತತ್ತ್ಯಾಗ ಜೀವ ಇರಂಗಿಲ್ಲ, ಖರೇನ?”

ಖರೆ ಎಂದೆ.

“ಆ ಕೋಳಿ ಬರೇ ಕಾಳು ತಿಂದಿದ್ರ, ತತ್ತಿ ಕಾಳಿನಿಂದ ಆಗಿದ್ದು. ಹುಲ್ಲಿನಿಂದ ಹಾಲು ಆದಂಗ. ಅಂಥಾ ತತ್ತಿ ಸಿಕ್ರ ತಿಂತೇನಿ. ಹುಳಾ ತಿಂದ ಕೋಳೀದು ಆದ್ರ ಒಲ್ಲೆ. ನಾನು ಲಿಂಗಕ್ಕ ತೋರಿಸಿ ಉಣ್ಣಾಕಿ, ತೋರಿಸಾಕ ಆಗದ್ದು ಬಾಯಿಗಿ ಹಾಕಂಗಿಲ್ಲ.”

ಪಕ್ಕದ ಹಾಸಿಗೆಯಲ್ಲಿದ್ದ ಸವದತ್ತಿ ಕಡೆಯ ಹೆಂಗಸು ಗೊಳ್ಳನೆ ನಕ್ಕಳು. ಅಂಥ ಕೋಳಿಯನ್ನು ಯಾವ ಮಠದಲ್ಲಿ ಸಾಕುತ್ತಾರೆ ಎಂದು ಕೇಳಿದಳು. ನಾನು ನಗಲಿಲ್ಲ. ನನಗೆ ಅದು ಮಾಡಬಹುದಾದ ಕೆಲಸದಂತೆ ಕಂಡಿತು. ನನ್ನ ತಪ್ಪು ಶುರುವಾದದ್ದು ಅಲ್ಲಿಂದ.

ಅಪ್ಪ ಬಿಟ್ಟುಹೋದ ಹೊಲ ಬೆಂಗೇರಿಯಾಚೆ ಇತ್ತು. ಅದರಲ್ಲೊಂದು ಒಂಟಿ ಖೋಲಿ, ಒಂದು ಬಾವಿ, ಒಂದು ಬೇವಿನ ಮರ. ಅಲ್ಲಿಗೆ ಹೋಗಿ ನಿಂತೆ. ಪಕ್ಕದ ಹೊಲದಲ್ಲಿ ಮಾಬೂಬಿ ಎಂಬ ವಿಧವೆ ಮೂವತ್ತು ವರ್ಷದಿಂದ ಕೋಳಿ ಸಾಕುತ್ತಿದ್ದಳು. ಅವಳ ಹತ್ತಿರ ಒಂಬತ್ತು ಹೇಂಟೆ ಕೊಂಡೆ. ಹುಂಜ ಬೇಡವೆಂದಾಗ ಅವಳು ಕೈಯಲ್ಲಿದ್ದ ಮೊರ ಕೆಳಗಿಟ್ಟು ನನ್ನನ್ನು ಪೂರಾ ನೋಡಿದಳು.

“ಹುಂಜ ಬ್ಯಾಡ? ಹಂಗಾರ ಒಂಬತ್ತು ಹೆಣ್ಣಿನ ಸಂಸಾರಕ್ಕ ನೀವೊಬ್ಬರ ಗಂಡಸರು. ಮುಂಜಾನೆ ಎದ್ದು ಕೂಗೂದು ನೀವ ಕಲೀಬೇಕ್ರಿ, ಪೇಪರಣ್ಣಾರ.”

ಅವಳು ನನ್ನನ್ನು ಇವತ್ತಿಗೂ ಕರೆಯುವುದು ಪೇಪರಣ್ಣಾರ ಎಂದೇ.

ಅಣ್ಣನ ಮನೆಯವರು ಜಗಳವಾಡಲಿಲ್ಲ. ಜಗಳವಾಡಿದ್ದರೆ ಒಂದೆರಡು ಸಲ ಬಂದು ಹೋಗುತ್ತಿದ್ದರು. ಮೊದಲು ಪ್ರತಿ ಅಮಾವಾಸ್ಯೆಗೆ ಅತ್ತಿಗೆ ಹೋಳಿಗೆ ಕಳಿಸುತ್ತಿದ್ದಳು. ಕೋಳಿ ಬಂದ ಮೊದಲ ಅಮಾವಾಸ್ಯೆಗೆ ಹೋಳಿಗೆ ಬರಲಿಲ್ಲ, ಎರಡನೆಯದಕ್ಕೂ ಬರಲಿಲ್ಲ. ಆಮೇಲೆ ನಾನು ಅಮಾವಾಸ್ಯೆ ಲೆಕ್ಕಿಸುವುದನ್ನು ಬಿಟ್ಟೆ. ಹಳೆಯ ಗೆಳೆಯರಲ್ಲಿ ಕೆಲವರು ಜೈಲಿನಲ್ಲಿದ್ದರು, ಹೊರಗಿದ್ದವರು ಕ್ಷಯದ ಹೆಸರು ಕೇಳಿ ಸೈಕಲ್ಲು ಬೇರೆ ಕಡೆ ತಿರುಗಿಸುತ್ತಿದ್ದರು. ಧಾರವಾಡದ ಒಂದು ಮುದ್ರಣಾಲಯ ಸಾಲೆಯ ಪುಸ್ತಕಗಳ ಪ್ರೂಫು ತಿದ್ದಲು ಕಳಿಸುತ್ತಿತ್ತು. ಅದನ್ನು ತರುತ್ತಿದ್ದ ಟಪಾಲಿನವನು ಕೋಳಿಗೂಡಿನ ಗಾಳಿ ತಾಗದಷ್ಟು ದೂರದಲ್ಲಿ ನಿಂತು, ಕಟ್ಟನ್ನು ಕಲ್ಲಿನ ಮೇಲಿಟ್ಟು ಹೋಗುತ್ತಿದ್ದ. ಒಮ್ಮೊಮ್ಮೆ ನಾಲ್ಕೈದು ದಿನ ನನ್ನ ದನಿ ನನಗೇ ಕೇಳಿಸುತ್ತಿರಲಿಲ್ಲ. ಆದ್ದರಿಂದ ಕೋಳಿಗಳಿಗೆ ಹೆಸರಿಟ್ಟೆ. ಸದಾ ಕೂಗುತ್ತಿದ್ದವಳು ಜಾಹೀರಾತು. ಎತ್ತರದ ಕಲ್ಲು ಹುಡುಕಿ ಕೂತು ಎಲ್ಲರನ್ನೂ ನೋಡುತ್ತಿದ್ದವಳು ಸಂಪಾದಕೀಯ. ದಿನಕ್ಕೊಂದು ತರಹ ಇರುತ್ತಿದ್ದವಳು ಪೇಟೆಧಾರಣೆ. ಮೂಲೆಯಲ್ಲಿ ರೆಪ್ಪೆ ಮುಚ್ಚಿ ನಿಲ್ಲುತ್ತಿದ್ದವಳಿಗೆ ಮರಣವಾರ್ತೆ ಎಂದು ಹೆಸರಿಟ್ಟು, ಮರುದಿನ ಮನಸ್ಸು ಅಳುಕಿ, ಹವಾಮಾನ ಎಂದು ಬದಲಿಸಿದೆ.

ಇನ್ನು ಮೇವಿನ ವಿಷಯ. ಪೇಟೆಯಲ್ಲಿ ಆಗ ಜೋಳಕ್ಕೆ ಕಾರ್ಡು ಹಿಡಿದು ಸಾಲು ನಿಲ್ಲಬೇಕಿತ್ತು. ಜನ ಬಿಸಿಲಲ್ಲಿ ನಿಂತು ಒಯ್ಯುವ ಕಾಳನ್ನು ನಾನೂ ಸಾಲಿನಲ್ಲಿ ನಿಂತು ತಂದು ಕೋಳಿಗೆ ಚೆಲ್ಲುವ ಧೈರ್ಯ ನನಗಿರಲಿಲ್ಲ. ಅಲ್ಲದೆ ಆ ಕಾಳಿನಲ್ಲಿ ಅರ್ಧ ಹುಳ. ಆದ್ದರಿಂದ ಬೆಳೆಯುವುದೇ ಸರಿಯೆನಿಸಿತು. ಕಚೇರಿಯ ಹಳೆಯ ಕಡತಗಳಲ್ಲಿ ಕೃಷಿ ಖಾತೆಯವರದೊಂದು ಕರಪತ್ರ ನನ್ನ ಹತ್ತಿರ ಉಳಿದಿತ್ತು. ತತ್ತಿ ಇಡುವ ಕೋಳಿಗೆ ಯಾವ ಕಾಳು ಎಷ್ಟು ಪಾಲು ಎಂದು ಅದರಲ್ಲಿತ್ತು. ಗೋವಿನಜೋಳ ಇಷ್ಟು, ನವಣೆ ಇಷ್ಟು, ಶೇಂಗಾ ಹಿಂಡಿ ಇಷ್ಟು, ಹಸಿರು ಸೊಪ್ಪು ಒಂದು ಹಿಡಿ, ಸುಣ್ಣದ ಕಲ್ಲಿನ ಪುಡಿ ಒಂದು ಚಿಟಿಕೆ. ಕೊನೆಯ ಸಾಲಿನಲ್ಲಿ ಒಣಗಿದ ಮೀನಿನ ಪುಡಿ, ಅಥವಾ ಅದರ ಬದಲು ಹುಳುಹುಪ್ಪಟೆ, ಹತ್ತರಲ್ಲಿ ಒಂದು ಪಾಲು ಎಂದಿತ್ತು. ನಾನು ನೀಲಿ ಪೆನ್ಸಿಲು ತೆಗೆದು ಆ ಸಾಲನ್ನು ಹೊಡೆದುಹಾಕಿದೆ. ಸಾಲು ಹೋದರೂ ಉಳಿದ ಬರಹ ನೆಟ್ಟಗೆ ಓದಿಸಿಕೊಂಡು ಹೋಗುತ್ತಿತ್ತು. ಒಳ್ಳೆಯ ಉಪಸಂಪಾದಕನಿಗೆ ಅದಕ್ಕಿಂತ ಬೇರೆ ಪರೀಕ್ಷೆ ಗೊತ್ತಿಲ್ಲ.

ಕೋಳಿಗಳನ್ನು ಮಣ್ಣಿನ ಮೇಲೆ ಬಿಟ್ಟರೆ ಹುಳ ಹೆಕ್ಕುತ್ತವೆ. ಅದಕ್ಕೆ ಖೋಲಿಯ ಪಕ್ಕದಲ್ಲಿ ಪರಸಿ ಕಲ್ಲು ಹಾಸಿ, ಸುತ್ತ ಹತ್ತಿ ಕಟ್ಟಿಗೆಯ ಬೇಲಿ ಕಟ್ಟಿ, ಒಳಗೆ ಕೂಡಿದೆ. ದಿನಕ್ಕೆ ಮೂರು ಸಲ ಗುಡಿಸಿದೆ. ಹೋದ ವರ್ಷದ ಜೋಳ ಎರಡು ಚೀಲ ಉಳಿದಿತ್ತು, ಅದನ್ನು ಬಿಸಿಲಿಗೆ ಹಾಕಿ, ಜರಡಿ ಹಿಡಿದು, ಅಚ್ಚಿನ ತಪ್ಪು ಹುಡುಕುವ ಕಣ್ಣಿನಿಂದ ಒಂದೊಂದು ನುಸಿಯನ್ನೂ ಆರಿಸಿದೆ. ಒಮ್ಮೆ ಒಂದು ಮಿಡತೆ ಬೇಲಿ ಹಾರಿ ಒಳಗೆ ಬಂತು. ಅದನ್ನು ಉಳಿಸಲು ನಾನು, ತಿನ್ನಲು ಒಂಬತ್ತು ಜನ. ಮೂವತ್ತೈದು ವರ್ಷದ ಗಂಡಸು, ಧೋತರ ಎತ್ತಿ ಕಟ್ಟಿ, ಕಲ್ಲಿನ ಮೇಲೆ ಕಪ್ಪೆಯಂತೆ ಕುಪ್ಪಳಿಸಿದ್ದನ್ನು ಬೇಲಿಯಾಚೆಯಿಂದ ಮಾಬೂಬಿ ನೋಡಿದಳು. ಮಿಡತೆ ಜಾಹೀರಾತಿನ ಬಾಯಿಗೆ ಹೋಯಿತು. ಮಾಬೂಬಿ ಸೆರಗು ಬಾಯಿಗೆ ಹಿಡಿದು ಹೋದಳು.

ಆ ಮಿಡತೆಯನ್ನು ನಾನು ನೀಲಾಳಿಗೆ ವರದಿ ಮಾಡಲಿಲ್ಲ.

ವರದಿ ಎಂದರೆ, ಪ್ರತಿ ಗುರುವಾರ ಅವಳಿಗೊಂದು ಕಾಗದ ಹೋಗುತ್ತಿತ್ತು. ಮಿರಜ ಗಾಡಿಯ ಗಾರ್ಡು ಒಬ್ಬರು ಗುರುತಿನವರು. ಬಿಸ್ಕೀಟಿನ ತಗಡಿನ ಡಬ್ಬಿಯಲ್ಲಿ ನವಣೆಯ ಹೊಟ್ಟು ತುಂಬಿ, ನಡುವೆ ತತ್ತಿಗಳನ್ನಿಟ್ಟು, ಮೇಲೆ ಕಾಗದವಿಟ್ಟು ಅವರ ಕೈಗೆ ಕೊಡುತ್ತಿದ್ದೆ. ಆ ವಾರ ಕೋಳಿಗಳು ಏನೇನು ತಿಂದವು ಎಂಬುದು ಕಾಗದದ ವಿಷಯ. ಅವಳು ಕೇಳಿದ್ದೇ ಅದನ್ನು. ಖಾಲಿ ಡಬ್ಬಿ ಮುಂದಿನ ವಾರ ಬರುವಾಗ ಅದರೊಳಗೆ ಅವಳದೊಂದು ಚೀಟಿ ಇರುತ್ತಿತ್ತು, ಅದರಲ್ಲಿ ಅವಳ ತೂಕ. ಅವಳು ಮಾತಾಡಿದ ಹಾಗೆಯೇ ಬರೆಯುತ್ತಿದ್ದಳು. ಎಂಬತ್ತೊಂದು, ಎಂಬತ್ತೆರಡು, ಎಂಬತ್ತನಾಲ್ಕು. ಜುಲೈವರೆಗೆ ಅಂಕಿ ಏರಿತು.

ಬೆಳೆ ಚೆನ್ನಾಗಿ ಬಂತು. ಹೆಸರು ಶ್ರಾವಣದಲ್ಲಿ ಕೈಗೆ ಸಿಕ್ಕಿತು. ನವಣೆ ತೆನೆ ಹಾಕಿದಾಗ ಗಿಳಿ, ಗುಬ್ಬಿಗಳ ಕಾಟ ಶುರುವಾಯಿತು. ನಾಲ್ಕು ಕಂಬ ನೆಟ್ಟು ಅಟ್ಟ ಕಟ್ಟಿ, ಕವಣೆ ಹಿಡಿದು ಮೇಲೆ ಕೂತೆ. ತೊಡೆಯ ಮೇಲೆ ಮೂರನೆಯ ಇಯತ್ತೆಯ ಪುಸ್ತಕದ ಪ್ರೂಫು. ಒಂದು ಪುಟ ತಿದ್ದುವುದು, ಎದ್ದು ಹೋ ಎಂದು ಕೂಗುವುದು, ಮತ್ತೆ ಕೂರುವುದು. ಹಕ್ಕಿಗಳ ಹೊಟ್ಟೆ ತುಂಬಿಸಲು ದಿನವಿಡೀ ಹಕ್ಕಿಗಳನ್ನು ಓಡಿಸುವ ಕೆಲಸದಲ್ಲಿ ಏನೋ ವಿಚಿತ್ರವಿದೆ ಎಂದು ನನಗೆ ಹೊಳೆದದ್ದು ಎರಡನೆಯ ವಾರದಲ್ಲಿ.

ಕುಂದಗೋಳದ ಕಡೆ ನಮ್ಮ ಅಜ್ಜನ ಹೊಲದಲ್ಲಿ ನಾನು ಚಿಕ್ಕವನಿದ್ದಾಗ ಇಂಥದೇ ಅಟ್ಟವಿತ್ತು. ಅಲ್ಲಿ ಯಾರೂ ಒಬ್ಬರೇ ಕೂರುತ್ತಿರಲಿಲ್ಲ. ಅಜ್ಜಿ ಒಂದು ತುದಿಯಲ್ಲಿ ಕೂತು ಸುಟ್ಟ ತೆನೆ ಉಜ್ಜಿ ಅಂಗೈಯಲ್ಲಿ ಊದಿ ಕೊಡುತ್ತಿದ್ದಳು. ಊದುವಾಗ ಹಾರಿದ ಹೊಟ್ಟು ನಮ್ಮ ಕಣ್ಣಿಗೇ ಬೀಳುತ್ತಿತ್ತು, ಕಣ್ಣುಜ್ಜಿಕೊಳ್ಳುವಷ್ಟರಲ್ಲಿ ಪಾಲು ಇನ್ನೊಬ್ಬರ ಬಾಯಿಗೆ ಹೋಗಿರುತ್ತಿತ್ತು. ಕೊಯ್ಲಾದ ಮೇಲೆ ಅವ್ವ ನವಣೆಯನ್ನು ಒರಳಿಗೆ ಹಾಕಿ ಕುಟ್ಟುವಳು. ಎದುರಿಗೆ ಇನ್ನೊಬ್ಬಳು ನಿಂತು ಒನಕೆ ಹಾಕಬೇಕು, ಒಬ್ಬಳ ಒನಕೆ ಮೇಲೆದ್ದಾಗ ಇನ್ನೊಬ್ಬಳದು ಕೆಳಗೆ. ಬೆಂಗೇರಿಯಲ್ಲಿ ನಾನೊಬ್ಬನೇ ಕುಟ್ಟಿದೆ. ಒಂಟಿ ಒನಕೆಯ ಸದ್ದು ಬೇರೆ. ಎರಡು ಪೆಟ್ಟಿನ ನಡುವೆ ಇನ್ನೊಂದು ಬರಬೇಕಾದ ಜಾಗ ಖಾಲಿ ಇರುತ್ತದೆ, ಕಿವಿ ಅದಕ್ಕಾಗಿ ಕಾಯುತ್ತದೆ. ಮೂರು ದಿನ ಕುಟ್ಟಿದರೂ ನನ್ನ ಕಿವಿ ಕಾಯುವುದನ್ನು ಬಿಡಲಿಲ್ಲ.

ಸೆಪ್ಟೆಂಬರಿನ ಕೊನೆಗೆ ಮೂಲೆಯಲ್ಲಿ ಕಾಳಿನ ಐದು ದೊಡ್ಡ ಮಡಕೆಗಳು ತುಂಬಿ ನಿಂತವು. ಪ್ರತಿ ಕಾಳೂ ನನ್ನ ಹೊಲದ್ದು, ನಾನೇ ಬಿತ್ತಿದ್ದು, ನಾನೇ ಒಕ್ಕಿದ್ದು. ಅದೇ ವಾರದಲ್ಲಿ ಕೋಳಿಗಳು ತತ್ತಿ ಇಡುವುದನ್ನು ನಿಲ್ಲಿಸತೊಡಗಿದವು.

ವಾರದ ಡಬ್ಬಿಗೆ ಹದಿನಾಲ್ಕು ಇದ್ದದ್ದು ಹತ್ತಾಯಿತು, ಆರಾಯಿತು. ಕೋಳಿಗಳು ಒಂದರ ಬೆನ್ನ ಗರಿ ಇನ್ನೊಂದು ಕಿತ್ತು ತಿನ್ನುತ್ತಿದ್ದವು. ಹವಾಮಾನದ ಬೆನ್ನು ಬೋಳಾಯಿತು. ಒಂದು ಬೆಳಗ್ಗೆ ಪೇಟೆಧಾರಣೆ ತಾನೇ ಇಟ್ಟ ತತ್ತಿಯನ್ನು ತಾನೇ ಒಡೆದು ತಿನ್ನುತ್ತಿದ್ದುದನ್ನು ಕಂಡೆ. ಹೆಸರಿನ ಪಾಲು ಹೆಚ್ಚಿಸಿದೆ, ಕುದುರೆಮೆಂತೆ ಸೊಪ್ಪು ಎರಡು ಹಿಡಿ ಮಾಡಿದೆ, ಸುಣ್ಣ ಬದಲಿಸಿದೆ. ಅಕ್ಟೋಬರ್ ಎರಡನೆಯ ಗುರುವಾರ ಡಬ್ಬಿಯಲ್ಲಿ ನಾಲ್ಕು ತತ್ತಿ ಹೋದವು. ಮರುವಾರ ಬಂದ ಚೀಟಿಯಲ್ಲಿ ಎಂಬತ್ತೊಂದು ಎಂದಿತ್ತು. ಕೆಳಗೆ, ತತ್ತಿ ಕಡಿಮೆ ಆದವಲ್ಲ, ಕೋಳಿಗೆ ಮೈಯಾಗ ಆರಾಮಿಲ್ಲೇನು ಎಂದು ಕೇಳಿದ್ದಳು.

ನಾನು ಮಾಬೂಬಿಯ ಹತ್ತಿರ ಹೋದೆ. ನೀಲಾಳ ಕಾಯಿಲೆ ಅವಳಿಗೆ ಗೊತ್ತಿತ್ತು, ನೀಲಾ ಹಾಕಿದ ಕರಾರು ಗೊತ್ತಿರಲಿಲ್ಲ. ಎಲ್ಲ ಹೇಳಿದೆ. ಆಕೆ ನಗುತ್ತಾಳೆಂದುಕೊಂಡಿದ್ದೆ. ನಗಲಿಲ್ಲ. ಗೂಡಿನೊಳಗೆ ಬಂದು ಹವಾಮಾನವನ್ನು ಎತ್ತಿ ಬೆನ್ನು ಸವರಿ, ಎದೆಯ ಎಲುಬು ಮುಟ್ಟಿ ನೋಡಿ, ಕೆಳಗೆ ಬಿಟ್ಟಳು.

“ಇವಕ್ಕ ಹಸಿವಿ ಐತ್ರಿ,” ಎಂದಳು. ಐದು ಮಡಕೆ ಕಾಳಿದೆ ಎಂದೆ. “ಕಾಳಿಂದಲ್ಲ. ಹುಳದ ಹಸಿವಿ. ನಿಮ್ಮ ಮನಿಯವರು ನೇಮ ಹಿಡೀಲಿ, ಛಲೋ. ಈ ಮೂಕ ಪಕ್ಷಿ ಯಾವಾಗ ಹಿಡಿದಾವ ನೇಮ?”

ಹೊಲದ ಬದುವಿನಲ್ಲಿ ಒಂದು ಹುತ್ತವಿತ್ತು. ಅವಳು ಒಂದು ಒಡಕು ಗಡಿಗೆಗೆ ನನ್ನ ಹೊಲದ ಗೋವಿನಜೋಳದ ದಂಟಿನ ಚೂರು, ಹಸಿ ಸಗಣಿ ತುಂಬಿ, ನೀರು ಚಿಮುಕಿಸಿ, ಸಂಜೆ ಹುತ್ತದ ಮೇಲೆ ಬೋರಲು ಹಾಕಿ ತೋರಿಸಿದಳು. ಬೆಳಗ್ಗೆ ಎತ್ತಿದರೆ ಗಡಿಗೆಯ ತುಂಬ ಬಿಳಿ ಗೆದ್ದಲು ಮಿಜಿಮಿಜಿ ಅನ್ನುತ್ತಿತ್ತು. ಅವಳು ಅದನ್ನು ನನ್ನ ಕೈಗೆ ಕೊಟ್ಟು, ಹಾಕುವುದು ಬಿಡುವುದು ನಿಮಗೆ ಸೇರಿದ್ದು ಎಂದು ಹೋದಳು. ನಾನು ಗಡಿಗೆ ಹಿಡಿದು ಬೇವಿನ ಮರದ ಕೆಳಗೆ ನಿಂತೆ. ಎಷ್ಟು ಹೊತ್ತು ನಿಂತೆ ಎಂಬುದು ದಾಖಲಾಗಿಲ್ಲ. ಆಮೇಲೆ ಪರಸಿ ಕಲ್ಲಿನ ಮೇಲೆ ಸುರಿದೆ. ಒಂಬತ್ತು ಕೋಳಿಗಳು ಬಂದ ರಭಸಕ್ಕೆ ನಾನು ಹಿಂದೆ ಸರಿಯಬೇಕಾಯಿತು.

ಹನ್ನೆರಡು ದಿನದಲ್ಲಿ ತತ್ತಿಗಳು ಮರಳಿದವು. ಪೇಟೆಧಾರಣೆ ತನ್ನ ತತ್ತಿ ಒಡೆಯುವುದನ್ನು ಬಿಟ್ಟಳು.

ಆ ವಾರಗಳ ಕಾಗದಗಳಲ್ಲಿ ನಾನು ಬರೆದದ್ದು: ನವಣೆ, ಹೆಸರು, ಗೋವಿನಜೋಳ, ಶೇಂಗಾ ಹಿಂಡಿ, ಕುದುರೆಮೆಂತೆ, ಸುಣ್ಣ. ಒಂದೂ ಸುಳ್ಳಲ್ಲ. ಹೀಗೆ ಮೂರು ಕಾಗದ ಹೋದವು. ಎಂಬತ್ತೆರಡು, ಎಂಬತ್ತಮೂರು, ಎಂಬತ್ತೈದು ಎಂದು ಚೀಟಿಗಳು ಬಂದವು. ಮೂರನೆಯ ಚೀಟಿಯಲ್ಲಿ ನೀಲಾ ಇನ್ನೊಂದು ವಿಷಯ ಬರೆದಿದ್ದಳು. ವಾರ್ಡಿನಲ್ಲಿ ತತ್ತಿ ಒಲ್ಲೆ ಅನ್ನುವವರು ಇನ್ನೂ ಇಬ್ಬರಿದ್ದಾರೆ. ನಮ್ಮ ಹೊಲದ ಕೋಳಿ ಬರೀ ಕಾಳು ತಿನ್ನುತ್ತವೆ ಎಂದು ತಾನು ಅವರಿಗೆ ಹೇಳಿದ್ದಾಳೆ. ತನ್ನ ಮಾತಿನ ಮೇಲೆ ಅವರೂ ನಿನ್ನೆ ಒಂದೊಂದು ತಿಂದರು. ಸಾಧ್ಯವಾದರೆ ಮುಂದಿನ ವಾರ ನಾಲ್ಕು ಹೆಚ್ಚಿಗೆ ಕಳಿಸಬೇಕು.

ಪತ್ರಿಕೆಯವರಿಗೆ ಈ ಪರಿಸ್ಥಿತಿ ಹೊಸದಲ್ಲ. ಒಂದು ಕಡೆ ಅಚ್ಚಾದ ತಪ್ಪನ್ನು ಇನ್ನೊಂದು ಪತ್ರಿಕೆ ಎತ್ತಿ ಹಾಕಿದಾಗ ತಿದ್ದುಪಡಿ ಪ್ರಕಟಿಸಲೇಬೇಕು, ತಡಮಾಡಬಾರದು. ನಾನು ಮಾಬೂಬಿಗೆ ಹೇಳಿದೆ. ಅವಳು ಗೆದ್ದಲಿನ ಗಡಿಗೆ ತೊಳೆಯುತ್ತಿದ್ದಳು.

“ಹೇಳಬ್ಯಾಡ್ರಿ,” ಎಂದಳು. “ನೀವು ಖರೇ ಹೇಳಿ, ಆಕಿ ತಿನ್ನೂದು ಬಿಟ್ಟಳಂದ್ರ, ಆಮ್ಯಾಲೆ ಆ ಖರೇ ತಗೊಂಡು ಏನ್ ಮಾಡ್ತೀರಿ ಪೇಪರಣ್ಣಾರ?”

ಆದರೂ ಆ ಗುರುವಾರ ಹೀಗೆ ಬರೆದೆ: ‘ತಿದ್ದುಪಡಿ. ಕಳೆದ ಮೂರು ಕಾಗದಗಳಲ್ಲಿ ಕೊಟ್ಟ ಮೇವಿನ ಪಟ್ಟಿಯಲ್ಲಿ ಗೆದ್ದಲು ಎಂಬುದನ್ನು ಸೇರಿಸಿ ಓದಿಕೊಳ್ಳಬೇಕು. ಹಿಡಿದದ್ದು ನಮ್ಮ ಹೊಲದ ದಂಟು ತುಂಬಿದ ಗಡಿಗೆಯಲ್ಲಿ. ಜೂನ್ ತಿಂಗಳಲ್ಲಿ ಒಂದು ಮಿಡತೆ. ಬಿಟ್ಟದ್ದು ಕಣ್ತಪ್ಪಿನಿಂದಲ್ಲ.’ ಬರೆದು ಓದಿ ನೋಡಿದೆ. ಅದರಲ್ಲಿ ಗಂಡನ ಕಾಗದ ಎನ್ನುವಂಥದು ಏನೂ ಇರಲಿಲ್ಲ. ಇನ್ನೇನು ಸೇರಿಸಬೇಕೆಂದು ತಿಳಿಯದೆ, ಹದಿನೆಂಟು ತತ್ತಿಗಳ ಮೇಲಿಟ್ಟು ಮುಚ್ಚಿದೆ.

ಮುಂದಿನ ವಾರ ಡಬ್ಬಿ ಬರಲಿಲ್ಲ. ಗಾರ್ಡು, ತಾನು ಆಸ್ಪತ್ರೆಯ ಜವಾನನ ಕೈಗೆ ಕೊಟ್ಟದ್ದು ಖರೆ, ಅವನು ತಿರುಗಿ ಏನೂ ಕೊಡಲಿಲ್ಲ ಎಂದರು. ಬೇರೆ ಡಬ್ಬಿ ಕೊಂಡು ಮತ್ತೆ ತತ್ತಿ ಕಳಿಸಿದೆ. ಎರಡನೆಯ ವಾರವೂ ಏನೂ ಬರಲಿಲ್ಲ. ಆ ದಿನಗಳಲ್ಲಿ ನಾನು ಏನು ಮಾಡಿದೆ ಎಂಬುದು ನೆನಪಿಲ್ಲ, ತಿದ್ದಿದ ಪ್ರೂಫುಗಳಲ್ಲಿ ಮಾತ್ರ ಅದು ಉಳಿದಿತ್ತು. ಒಂದು ಪುಟದಲ್ಲಿ ಹನ್ನೊಂದು ತಪ್ಪು ಬಿಟ್ಟಿದ್ದೀರಿ ಎಂದು ಮುದ್ರಣಾಲಯದವರು ಆ ಪುಟವನ್ನು ಹಿಂದಕ್ಕೆ ಕಳಿಸಿದರು. ಮಾಬೂಬಿ ಎರಡು ಸಲ ಬೇಲಿಯವರೆಗೆ ಬಂದು, ನನ್ನ ಮುಖ ನೋಡಿ, ತಿರುಗಿ ಹೋದಳು. ಒಮ್ಮೆ ಬೇಲಿಯ ಮೇಲೆ ಒಂದು ಬಟ್ಟಲು ಮೆಂತೆ ಪಲ್ಲೆ ಇಟ್ಟಿದ್ದಳು.

ಮೂರನೆಯ ಗುರುವಾರ ಎರಡೂ ಡಬ್ಬಿಗಳು ಒಟ್ಟಿಗೆ ಬಂದವು. ಚೀಟಿ ಎರಡು ಪುಟ ಇತ್ತು. ಎರಡು ವಾರ ತಾನು ತತ್ತಿ ಬಾಯಿಗೆ ಹಾಕಲಿಲ್ಲ, ಆ ಇಬ್ಬರಿಗೂ ಗೆದ್ದಲಿನ ವಿಷಯ ಹೇಳಿದೆ, ಒಬ್ಬಳು ತಿನ್ನುವುದನ್ನು ಬಿಟ್ಟಳು, ಒಬ್ಬಳು ಬೈದು ತಿಂದಳು ಎಂದು ಬರೆದಿದ್ದಳು. ತೂಕ ಎಂಬತ್ತೆರಡು. ಅಂದರೆ ನನ್ನ ತಿದ್ದುಪಡಿಯ ಬೆಲೆ ಮೂರು ಪೌಂಡು. ಅದರ ಕೆಳಗೆ ಹೀಗಿತ್ತು.

“ಮಲಕೊಂಡು ಬ್ಯಾರೆ ಏನು ಕೆಲಸ, ವಿಚಾರ ಮಾಡಿದೆ. ಆ ಗಡಿಗ್ಯಾಗ ನೀವು ಹಾಕಿದ್ದು ನಮ್ಮ ಹೊಲದ ದಂಟು. ಗೆದ್ದಲಿ ತಿಂದಿದ್ದು ಅದನ್ನ. ಹಂಗಾರ ಅದೂ ನಮ್ಮ ಹೊಲದ ಬೆಳೀನ. ನಾಳಿಂದ ತಿಂತೇನಿ. ಲಿಂಗಕ್ಕ ನಾನು ಹೇಳ್ಕೊಂಡೇನಿ, ಅದು ನನಗ ಅದಕ್ಕ ಬಿಟ್ಟಿದ್ದು. ಆದ್ರ ಮೂರು ವಾರ ನೀವು ಬಚ್ಚಿಟ್ಟಿದ್ದು ಯಾವ ಲೆಕ್ಕದಾಗೂ ಕೂಡಂಗಿಲ್ಲ. ಇನ್ನ ಮ್ಯಾಲೆ ಕೋಳಿ ಏನ್ ತಿಂದ್ವು ಅಂತ ಬರೀಬ್ಯಾಡ್ರಿ. ನೀವು ಏನ್ ಉಂಡ್ರಿ, ಅದನ್ನ ಬರೀರಿ. ಹತ್ತು ತಿಂಗಳಾತು, ಒಂದ್ ಸಲಾನೂ ಬರದಿಲ್ಲ.”

ಆ ದಿನ ಕಾಗದ ಹಿಡಿದು ಕೂತೆ. ಬರೆಯಲು ಏನೂ ಇರಲಿಲ್ಲ. ನಾನು ಊಟವೆಂದು ಕರೆಯುತ್ತಿದ್ದದ್ದು ಕೋಳಿಗೆ ಬೇಯಿಸಿದ ನವಣೆ ನುಚ್ಚಿನ ಪಾತ್ರೆಯಿಂದಲೇ ಒಂದು ಸೌಟು ತೆಗೆದು, ಉಪ್ಪು ಹಾಕಿ, ನಿಂತೇ ತಿನ್ನುವುದನ್ನು. ರೊಟ್ಟಿ ವಾರಕ್ಕೊಮ್ಮೆ ಮಾಡಿ ಒಣಗಿಸಿ ಇಡುತ್ತಿದ್ದೆ. ಅದನ್ನು ಹಾಗೇ ಬರೆದರೆ ಆಸ್ಪತ್ರೆಯಲ್ಲಿ ಮಲಗಿದವಳ ತೂಕ ಇನ್ನೂ ಇಳಿಯುತ್ತದೆ. ಬೇರೆ ಬರೆದರೆ ಮತ್ತೆ ತಿದ್ದುಪಡಿ ಕಳಿಸಬೇಕಾಗುತ್ತದೆ. ಉಳಿದ ದಾರಿ ಒಂದೇ ಆಗಿತ್ತು. ಎದ್ದು ಒಲೆ ಹಚ್ಚಿದೆ.

ಆ ಗುರುವಾರದ ವರದಿ: ಬಿಸಿ ರೊಟ್ಟಿ ಎರಡು, ಆಕಾರ ಸರಿಯಿಲ್ಲ. ಪುಂಡಿ ಪಲ್ಲೆ, ಉಪ್ಪು ಹೆಚ್ಚು. ಮಜ್ಜಿಗೆ. ಕೂತು ಉಂಡದ್ದು.

ಮುಂದಿನ ಹದಿನೈದು ತಿಂಗಳು ನಾನು ಬರೆಯಬೇಕೆಂಬ ಕಾರಣಕ್ಕೇ ಅಡಿಗೆ ಮಾಡಿದೆ. ಹೆಸರು ಬೇಳೆಯ ಕಟ್ಟಿನ ಸಾರು ಕಲಿತೆ. ಎಣ್ಣೆಗಾಯಿ ಮೂರನೆಯ ಸಲಕ್ಕೆ ಸರಿಹೋಯಿತು, ಮೊದಲಿನ ಎರಡನ್ನು ಸಂಪಾದಕೀಯ ಮೂಸಿಯೂ ನೋಡಲಿಲ್ಲ. ನೀಲಾ ತಪ್ಪು ಹುಡುಕಿ ಬರೆಯುತ್ತಿದ್ದಳು: ಸಾಸಿವಿ ಚಟಪಟ ಅಂದ ಮ್ಯಾಲೆ ಕರಿಬೇವು, ಮೊದಲು ಅಲ್ಲ. ಒಂದು ಅಮಾವಾಸ್ಯೆಗೆ ಹೋಳಿಗೆಯನ್ನೂ ಮಾಡಿದೆ. ಹೂರಣ ಹೊರಗೆ ಬಂತು. ಅದನ್ನೂ ವರದಿ ಮಾಡಿದೆ.

ಮಾಬೂಬಿಗೆ ನೀಲಾಳ ಚೀಟಿ ಓದಿ ಹೇಳಿದಾಗ ಅವಳು ದಂಟಿನ ಲೆಕ್ಕ ಕೇಳಿ ಬಹಳ ಹೊತ್ತು ತಲೆ ಆಡಿಸಿದಳು. “ಭಾರಿ ವಕೀಲರು ಅದಾರ ಬಿಡ್ರಿ ಬಾಯಾರು,” ಎಂದಳು. ಆಮೇಲೆ, ಹಾಗಾದರೆ ಗಡಿಗೆಗೆ ತನ್ನ ಹೊಲದ ದಂಟು ಹಾಕಬೇಡಿ, ನಿಮ್ಮದನ್ನೇ ಹಾಕಿ ಎಂದು ಎಚ್ಚರಿಕೆ ಕೊಟ್ಟಳು. ನಾನು ಹಾಗೆಯೇ ಮಾಡಿದೆ. ಬದುವಿನ ಈಚೆಗಿನ ದಂಟು ಮಾತ್ರ.

1945ರ ಮಾರ್ಚಿನಲ್ಲಿ ನೀಲಾ ಮನೆಗೆ ಬಂದಳು. ತೂಕ ನೂರ ಮೂರು. ಬಂದ ಮೇಲೆ ಅವಳು ತತ್ತಿ ತಿನ್ನಲಿಲ್ಲ, ಆ ಮಾತನ್ನೂ ಎತ್ತಲಿಲ್ಲ. ಆದರೆ ಸಂಜೆ ಹುತ್ತದ ಮೇಲೆ ಗಡಿಗೆ ಬೋರಲು ಹಾಕುವುದು ತನ್ನ ಕೆಲಸವೆಂದು ತೆಗೆದುಕೊಂಡಳು. ಹೊಲದಲ್ಲಿ ಒಂದೂವರೆ ವರ್ಷ ಇದ್ದೆವು. ಪಾಲಾದಾಗ ಹೊಲ ಅಣ್ಣನಿಗೆ ಹೋಯಿತು. ಕೋಳಿಗಳನ್ನು ಮಾಬೂಬಿಗೆ ಬಿಟ್ಟು ಪೇಟೆಗೆ ಬಂದೆವು. ಪತ್ರಿಕೆ ಮತ್ತೆ ಶುರುವಾಗಿ ನನ್ನನ್ನು ಕರೆದಿದ್ದರು. ಜಾಹೀರಾತು ಅದೇ ವರ್ಷ ಸತ್ತಳು ಎಂದು ಮಾಬೂಬಿ ಹೇಳಿ ಕಳಿಸಿದಳು.

1949ರ ಜೂನ್‌ನಲ್ಲಿ ನೀಲಾಳಿಗೆ ಜ್ವರ ಮತ್ತೆ ಶುರುವಾಯಿತು. ಜುಲೈ ಮೊದಲ ವಾರ ಅದೇ ಆಸ್ಪತ್ರೆಯಲ್ಲಿ, ಅದೇ ವಾರ್ಡಿನಲ್ಲಿ, ಬೇರೆ ಹಾಸಿಗೆಯಲ್ಲಿ ಸೇರಿಸಿದೆ. ತತ್ತಿಗಳನ್ನು ಈಗ ಮಾಬೂಬಿ ಕೊಡುತ್ತಾಳೆ. ಅವಳ ಕೋಳಿಗಳು ಏನು ತಿನ್ನುತ್ತವೆ ಎಂದು ನಾನು ಕೇಳಿಲ್ಲ, ನೀಲಾ ಕೂಡ ಕೇಳಿಲ್ಲ. ನಾನು ಏನು ಉಂಡೆ ಎಂಬುದನ್ನು ಪ್ರತಿ ಗುರುವಾರ ಬರೆಯುತ್ತೇನೆ.

ಅವಳ ಈಚಿನ ಕಾರ್ಡು ಬಂದದ್ದು ಸೆಪ್ಟೆಂಬರ್ ಹದಿನೇಳು, ಶನಿವಾರ. ತೂಕ ಎಂಬತ್ತಾರು ಪೌಂಡು, ಜ್ವರ ನೂರೊಂದು, ತತ್ತಿ ತಿಂದೆ ಎಂದು ಮೂರು ಸಾಲಿದೆ. ಅಕ್ಷರ ಅವಳದಲ್ಲ.